ನೆಟ್ ಹೋದಾಗ: ದೋಷ ಎಲ್ಲಿದೆ, ಯಾರನ್ನು ಕೇಳಬೇಕು?

ಮನೆಯಲ್ಲಿ ಅಂತರಜಾಲ ಸಂಪರ್ಕ ಇದ್ದಕ್ಕಿದ್ದಂತೆ ಕಡಿದುಹೋದಾಗ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಒಬ್ಬರು ರೂಟರಿನ ಸ್ವಿಚ್ಚು ಆರಿಸಿ ಮತ್ತೆ ಹಾಕುತ್ತಾರೆ. ಇನ್ನೊಬ್ಬರು ಕೈಗೆ ಸಿಕ್ಕ ವೈರುಗಳನ್ನೆಲ್ಲ ಎಳೆದು ಚುಚ್ಚುತ್ತಾರೆ. ಟಿವಿಯ ಮುಂದೆ ಕುಳಿತವರು ‘ಬಿಲ್ಲು ಕಟ್ಟಿದ್ದೀರಾ ಇಲ್ಲವಾ?’ ಎಂದು ಕೇಳುತ್ತಾರೆ. ಕೊನೆಗೆ ಜವಾಬ್ದಾರಿಯೆಲ್ಲ ಕಾಲೇಜು ಓದುವ ಮಗ ಅಥವಾ ಮಗಳ ಹೆಗಲಿಗೆ ಬೀಳುತ್ತದೆ: ‘ನೀನೇ ಕಂಪನಿಗೆ ಫೋನು ಮಾಡಿ ಮಾತಾಡು.’ ಫೋನಿನ ಆ ಬದಿಯಲ್ಲಿ ಹತ್ತು ನಿಮಿಷ ಸಂಗೀತ, ಆಮೇಲೆ ‘ರೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ’ ಎಂಬ ಉಪದೇಶ.

ಇದು ಮನರಂಜನೆಗೆ ಮಾತ್ರ ಅಡ್ಡಿಯಾಗುವ ಸಂಗತಿಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಸಿಇಟಿ ಬರೆದವರು ಕಾಲೇಜುಗಳ ಆಯ್ಕೆಯನ್ನು ದಾಖಲಿಸಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಡುವುದು ಕೆಲವೇ ದಿನಗಳ ಅವಧಿ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕ, ಪ್ರವೇಶಪತ್ರ ಎಲ್ಲವೂ ಈಗ ಅಂತರಜಾಲದ ಮೂಲಕವೇ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಮಲೆನಾಡಿನ ಮಕ್ಕಳು ಪಾಠ ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ನಾವು ಮರೆಯುವ ಹಾಗಿಲ್ಲ. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕೊನೆಯ ದಿನಾಂಕ ಇವತ್ತೇ ಆಗಿದ್ದರೆ ರಿಪೇರಿಗೆ ಕೈಹಾಕಬೇಡಿ. ಮೊಬೈಲಿನ ಹಾಟ್‌ಸ್ಪಾಟ್ ಆಗಲಿ, ಪಕ್ಕದ ಮನೆಯವರ ಸಂಪರ್ಕವಾಗಲಿ, ಪೇಟೆಯ ಸೈಬರ್ ಅಂಗಡಿಯಾಗಲಿ, ಅದರಿಂದ ಮೊದಲು ಅರ್ಜಿಯ ಕೆಲಸ ಮುಗಿಸಿ. ರಿಪೇರಿ ನಾಳೆಗೂ ಇರುತ್ತದೆ.

ಆ ಗಡಿಬಿಡಿ ಇಲ್ಲದಿದ್ದಾಗ ಮಾಡಬೇಕಾದದ್ದು ಬೇರೆ. ‘ನೆಟ್ ಬರುತ್ತಿಲ್ಲ’ ಎಂಬುದು ‘ಮೈಗೆ ಹುಷಾರಿಲ್ಲ’ ಎನ್ನುವಂಥ ಮಾತು. ಅದನ್ನು ಕೇಳಿದ ವೈದ್ಯರು ಏನು ಮಾಡಿಯಾರು? ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳುತ್ತಾರೆ. ನಿಮ್ಮ ಫೋನಿನಿಂದ ಹೊರಟ ಸಂದೇಶ ಹಲವು ತುಂಡು ದಾರಿಗಳನ್ನು ದಾಟಿ ಹೋಗುತ್ತದೆ. ಯಾವ ತುಂಡಿನಲ್ಲಿ ತಡೆಯಿದೆ ಎಂದು ಹೇಳಬಲ್ಲ ಗ್ರಾಹಕನಿಗೆ ಸಿಗುವ ಉತ್ತರವೇ ಬೇರೆ, ‘ಬರುತ್ತಿಲ್ಲ’ ಎಂದಷ್ಟೇ ಹೇಳುವವನಿಗೆ ಸಿಗುವ ಉತ್ತರವೇ ಬೇರೆ.

ದಾರಿಯ ಪರಿಚಯ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರಕತೊಡಗಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗಿನದು ಟೆಲಿಫೋನಿನಿಂದ ಡಯಲ್ ಮಾಡಿ ಪಡೆಯುವ ಸಂಪರ್ಕ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಅನಂತರ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬಂತು. ಎಷ್ಟು ವೇಗವಿದ್ದರೆ ‘ಬ್ರಾಡ್‌ಬ್ಯಾಂಡ್’ ಎನ್ನಬೇಕು ಎಂಬುದಕ್ಕೆ ಸರ್ಕಾರದ್ದೇ ವ್ಯಾಖ್ಯೆ ಇದೆ. 2004ರಲ್ಲಿ ಅದು 256 ಕಿಲೋಬಿಟ್ ಇತ್ತು, 2013ರಲ್ಲಿ 512 ಆಯಿತು, 2023ರಲ್ಲಿ ಕನಿಷ್ಠ 2 ಮೆಗಾಬಿಟ್ ಎಂದಾಯಿತು. ಈಗ ಮನೆಗಳಿಗೆ ಹೊಸದಾಗಿ ಬರುವ ಸಂಪರ್ಕ ಬಹುಮಟ್ಟಿಗೆ ಗಾಜಿನ ಎಳೆಯದು, ಅಂದರೆ ಆಪ್ಟಿಕಲ್ ಫೈಬರ್. ಈ ಲೇಖನದಲ್ಲಿ ಅದನ್ನೇ ಗಮನದಲ್ಲಿಟ್ಟುಕೊಂಡಿದ್ದೇವೆ.

ದಾರಿ ಹೀಗಿದೆ. ನಿಮ್ಮ ಫೋನಿನಿಂದ ರೂಟರಿನವರೆಗೆ ವೈಫೈ, ಅಂದರೆ ರೇಡಿಯೋ ಅಲೆ. ರೂಟರಿಗೆ ಹೊಂದಿಕೊಂಡು, ಅಥವಾ ಅದರ ಪೆಟ್ಟಿಗೆಯ ಒಳಗೇ, ಓಎನ್‌ಟಿ ಎಂಬ ಉಪಕರಣವಿರುತ್ತದೆ. ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವನ್ನಾಗಿ, ವಿದ್ಯುತ್ತನ್ನು ಬೆಳಕನ್ನಾಗಿ ಬದಲಿಸುವುದು ಅದರ ಕೆಲಸ. ಅಲ್ಲಿಂದ ಹೊರಟ ಫೈಬರ್ ಬೀದಿಯ ಕಂಬದ ಮೇಲಿನ ಪೆಟ್ಟಿಗೆಯನ್ನು ಸೇರುತ್ತದೆ. ಎಕ್ಸ್‌ಚೇಂಜಿನಿಂದ ಬಂದ ಒಂದೇ ಎಳೆಯ ಬೆಳಕು ಇಂಥ ಪೆಟ್ಟಿಗೆಗಳಲ್ಲಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಎಕ್ಸ್‌ಚೇಂಜಿನಿಂದಾಚೆಗೆ ಕಂಪನಿಯ ದೊಡ್ಡ ಜಾಲ, ಅದರಾಚೆಗೆ ಹೊರ ಜಗತ್ತು. ಮೊದಲ ತುಂಡು ನಿಮ್ಮದು, ಕೊನೆಯದು ಯಾರದೂ ಅಲ್ಲ, ನಡುವಿನದೆಲ್ಲ ಕಂಪನಿಯದು. ಈ ಹಂಚಿಕೆ ನೆನಪಿನಲ್ಲಿದ್ದರೆ ಯಾರನ್ನು ಏನು ಕೇಳಬೇಕೆಂಬುದೂ ತಿಳಿಯುತ್ತದೆ.

ದೀಪಗಳು ಹೇಳುವ ಮಾತು

ರೂಟರಿನ ಮುಖದ ಮೇಲಿನ ಪುಟ್ಟ ದೀಪಗಳನ್ನು ನಾವು ಅಲಂಕಾರವೆಂದೇ ತಿಳಿದಿರುತ್ತೇವೆ. ನೆಟ್ ಸರಿಯಾಗಿರುವ ಒಂದು ದಿನ ಅವುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೆಟ್ಟ ದಿನ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಪವರ್ ದೀಪವೇ ಉರಿಯದಿದ್ದರೆ ಅಡಾಪ್ಟರನ್ನೋ ಪ್ಲಗ್ಗನ್ನೋ ನೋಡಬೇಕು. ಪಾನ್ ಎಂದು ಬರೆದ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಎಕ್ಸ್‌ಚೇಂಜಿನವರೆಗೆ ಬೆಳಕಿನ ದಾರಿ ತೆರೆದಿದೆ ಎಂದರ್ಥ. ಅದು ಮಿನುಗುತ್ತಲೇ ಇದ್ದರೆ ಉಪಕರಣ ಎಕ್ಸ್‌ಚೇಂಜನ್ನು ಕೂಗಿ ಕರೆಯುತ್ತಿದೆ, ಇನ್ನೂ ಮಾತು ಕೂಡಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಎಲ್‌ಓಎಸ್ ಎಂಬ ಮೂರಕ್ಷರದ ದೀಪ. ಅದು ಕೆಂಪಾಗಿ ಮಿನುಗಿದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ. ಆಗ ಫೋನಿನ ಸೆಟ್ಟಿಂಗನ್ನು ನೂರು ಸಲ ಬದಲಿಸಿದರೂ ಪ್ರಯೋಜನವಿಲ್ಲ. ದೋಷ ಎಳೆಯಲ್ಲಿದೆ, ಅದನ್ನು ಸರಿಪಡಿಸಬೇಕಾದವರು ಕಂಪನಿಯವರು.

ಈ ಎಳೆಯ ವಿಷಯ ಸ್ವಲ್ಪ ತಿಳಿದಿರಬೇಕು. ಬಾಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿಕೊಟ್ಟವರಲ್ಲಿ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ದೂರದೂರಕ್ಕೆ ದೂರವಾಣಿ ಸಂಕೇತ ಕಳುಹಿಸಬಹುದೆಂದು 1966ರಲ್ಲಿ ವಾದಿಸಿದವರು ಚಾರ್ಲ್ಸ್ ಕಾವ್. ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನಿಮ್ಮ ಮನೆಗೆ ಬಂದಿರುವ ಎಳೆಯಲ್ಲಿ ಬೆಳಕು ಓಡುವ ತಿರುಳಿನ ಅಗಲ ಸುಮಾರು 9 ಮೈಕ್ರೋಮೀಟರ್, ತಲೆಗೂದಲಿನ ಹತ್ತನೇ ಒಂದು ಭಾಗದ ಆಸುಪಾಸು. ಎಕ್ಸ್‌ಚೇಂಜಿನಿಂದ ಮನೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮನೆಯಿಂದ ಹೋಗುವುದರದ್ದು 1310. ಎರಡೂ ಅವಕೆಂಪು ಕಿರಣಗಳು, ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಬಿಚ್ಚಿದ ಫೈಬರಿನ ತುದಿಯನ್ನು ಎಂದೂ ಕಣ್ಣಿಗೆ ಹಿಡಿದು ನೋಡಬೇಡಿ.

ಇಷ್ಟು ಸೂಕ್ಷ್ಮವಾದ ದಾರಿಗೆ ನಮ್ಮ ಊರುಗಳಲ್ಲಿ ಎಷ್ಟೊಂದು ಶತ್ರುಗಳು ನೋಡಿ. ಅಳಿಲು, ಇಲಿ ಹೊದಿಕೆಯನ್ನು ಕಡಿಯುತ್ತವೆ. ಎತ್ತರದ ಲಾರಿ ಜೋಲುಬಿದ್ದ ಕೇಬಲನ್ನು ಎಳೆದುಕೊಂಡು ಹೋಗುತ್ತದೆ. ರಸ್ತೆ ಅಗೆಯುವ ಜೆಸಿಬಿಗೆ ನೆಲದೊಳಗೆ ಏನಿದೆಯೆಂಬ ಚಿಂತೆಯಿಲ್ಲ. ಮಲೆನಾಡಿನಲ್ಲಂತೂ ಕೇಬಲು ತೋಟದ ಮರದಿಂದ ಮರಕ್ಕೆ ಹೋಗಿರುತ್ತದೆ. ಆಷಾಢದ ಗಾಳಿಗೆ ಒಂದು ಕೊಂಬೆ ಬಿದ್ದರೆ ಸಾಕು, ಇಡೀ ಕೇರಿಯ ನೆಟ್ ಹೋಗುತ್ತದೆ. ಮನೆಯೊಳಗಿನ ಶತ್ರುವೂ ಒಂದಿದೆ: ರೂಟರನ್ನು ಗೋಡೆಗೆ ಒತ್ತಿ ಇಟ್ಟಾಗ ಫೈಬರ್ ಚೂಪಾಗಿ ಮಡಿಸಿಕೊಳ್ಳುತ್ತದೆ. ತಾಮ್ರದ ತಂತಿ ಮಡಿಸಿದರೂ ವಿದ್ಯುತ್ತನ್ನು ಒಯ್ಯುತ್ತದೆ. ಗಾಜಿನ ಎಳೆ ಅಷ್ಟು ಬಾಗಿದರೆ ಬೆಳಕು ತಿರುವಿನಲ್ಲಿ ಹೊರಕ್ಕೆ ಸೋರಿಹೋಗುತ್ತದೆ. ಹಗ್ಗ ಸುತ್ತಿದ ಹಾಗೆ ಬಿಗಿಯಾಗಿ ಸುತ್ತದೆ, ಅಂಗೈಯಗಲದ ಸುರುಳಿಯಾಗಿ ಬಿಡಿ.

ಬೆಳಕು ಪೂರ್ತಿ ಕಡಿಯದೆ ಬರಿದೇ ಕ್ಷೀಣಿಸುವುದೂ ಉಂಟು. ಇದನ್ನು ಲೈನ್‌ಮನ್‌ಗಳು ‘ಪವರ್ ಕಮ್ಮಿ ಇದೆ’ ಎನ್ನುತ್ತಾರೆ. ಅದರ ಅಳತೆ ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಲ್ಲಿ ಬರುತ್ತದೆ. ಸೊನ್ನೆ ಎಂದರೆ 1 ಮಿಲಿವಾಟ್. ಋಣ 20 ಎಂದರೆ ಅದರ ನೂರನೇ ಒಂದು ಭಾಗ, ಋಣ 27 ಎಂದರೆ ಐನೂರನೇ ಒಂದು ಭಾಗ. ಇದು ಲಾಗರಿದಮ್ ಲೆಕ್ಕ, ಪಿಯುಸಿಯಲ್ಲಿ ಕಲಿತದ್ದನ್ನು ಇಲ್ಲಿ ಪ್ರಯೋಗಿಸಿ ನೋಡಬಹುದು. ಋಣ 20ರ ಆಸುಪಾಸಿನಲ್ಲಿದ್ದರೆ ಲೈನು ಆರೋಗ್ಯವಾಗಿದೆ. ಋಣ 27, 28ಕ್ಕೆ ಇಳಿದರೆ ಸಾಮಾನ್ಯವಾಗಿ ಉಪಕರಣ ಗುರುತಿಸಬಲ್ಲ ಕೊನೆಯ ಗಡಿಯಲ್ಲಿದೆ. ಅಂಥ ಮನೆಯಲ್ಲಿ ನೆಟ್ ಬರುತ್ತದೆ, ಹೋಗುತ್ತದೆ, ಮಳೆ ಬಂದಾಗ ಪೂರ್ತಿ ನಿಲ್ಲುತ್ತದೆ. ಅನೇಕ ರೂಟರುಗಳ ಒಳಪುಟದಲ್ಲಿ ಈ ಸಂಖ್ಯೆಯನ್ನು ನೀವೇ ನೋಡಬಹುದು.

ಎಲ್‌ಓಎಸ್ ಕೆಂಪಾಗಿಲ್ಲ, ಪಾನ್ ಸ್ಥಿರವಾಗಿದೆ, ಆದರೂ ನೆಟ್ ಇಲ್ಲ ಎಂದಿಟ್ಟುಕೊಳ್ಳಿ. ಆಗ ರೀಸ್ಟಾರ್ಟ್ ಮಾಡುವುದರಲ್ಲಿ ಅರ್ಥವಿದೆ. ರೂಟರೆಂಬುದು ಒಂದು ಚಿಕ್ಕ ಕಂಪ್ಯೂಟರು. ತಿಂಗಳುಗಟ್ಟಲೆ ನಡೆದ ಮೇಲೆ ಅದರ ನೆನಪಿನಲ್ಲಿ ಗೋಜಲಾಗುತ್ತದೆ. ಕಂಪನಿಯ ಸರ್ವರಿಗೆ ಹೆಸರು, ಗುಪ್ತಪದ ಹೇಳಿ ಒಳಗೆ ಹೋಗುವ ಕ್ರಿಯೆಯೂ ಕೆಲವೊಮ್ಮೆ ನಡುವೆ ಸಿಕ್ಕಿಕೊಳ್ಳುತ್ತದೆ. ಸ್ವಿಚ್ಚು ಆರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಹಾಕಿ ಐದು ನಿಮಿಷ ಕಾಯಿರಿ. ಆದರೆ ಹಿಂಬದಿಯ ಸೂಜಿತೂತಿನ ರೀಸೆಟ್ ಗುಂಡಿಯನ್ನು ಮಾತ್ರ ಒತ್ತಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕಂಪನಿಯವರು ತುಂಬಿಟ್ಟಿದ್ದ ಹೆಸರು, ಗುಪ್ತಪದಗಳೂ ಅಳಿಸಿಹೋಗಬಹುದು. ಚಿಕ್ಕ ದೋಷವಿದ್ದದ್ದು ಆಗ ಲೈನ್‌ಮನ್ ಬರುವವರೆಗೂ ಬಗೆಹರಿಯದ ದೊಡ್ಡ ದೋಷವಾಗುತ್ತದೆ.

ತಪ್ಪು ವೈಫೈದೋ ಲೈನಿನದೋ?

‘ನೂರರ ಪ್ಲಾನು ಹಾಕಿಸಿದ್ದೇವೆ, ಹನ್ನೆರಡೇ ಬರುತ್ತಿದೆ’ ಎಂಬ ದೂರು ಬಹಳ ಕೇಳಿಬರುತ್ತದೆ. ಎಷ್ಟೋ ಸಲ ಇಲ್ಲಿ ಮೋಸವೇ ನಡೆದಿರುವುದಿಲ್ಲ. ಪ್ಲಾನಿನ ನೂರು ಮೆಗಾಬಿಟ್ಟಿನ ಲೆಕ್ಕದಲ್ಲಿದೆ, ಫೈಲು ಇಳಿಸಿಕೊಳ್ಳುವಾಗ ಕಾಣುವ ಹನ್ನೆರಡು ಮೆಗಾಬೈಟಿನ ಲೆಕ್ಕದಲ್ಲಿದೆ. ಎಂಟು ಬಿಟ್ಟಿಗೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಲೈನು ಸರಿಯಾಗಿಯೇ ಇದೆ.

ಲೆಕ್ಕ ಸರಿಯಿದ್ದೂ ವೇಗ ಕಡಿಮೆಯಿದ್ದರೆ ವೈಫೈಯನ್ನು ಅನುಮಾನಿಸಿ. ಫೋನಿನ ಮೂಲೆಯಲ್ಲಿ ಕಾಣುವ ವೈಫೈ ಗುರುತು ರೂಟರಿನವರೆಗಿನ ದಾರಿಯ ಕಥೆಯನ್ನಷ್ಟೇ ಹೇಳುತ್ತದೆ, ಅದರಾಚೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಮನೆಯ ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್‌ನದು ಬಹಳ ವೇಗ, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ, ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆ, ಕಬ್ಬಿಣದ ಬೀರು, ನೀರಿನ ಟ್ಯಾಂಕು ಇವೆಲ್ಲ ಅಲೆಯನ್ನು ತಡೆಯುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲಿ, ಪಕ್ಕದಲ್ಲೇ ರೂಟರಿದ್ದರೆ ಅದರ ಗದ್ದಲ ಇದಕ್ಕೆ ಕೇಳಿಸುತ್ತದೆ. ಕಂಪನಿಯವರು ಬಾಗಿಲ ಪಕ್ಕದ ಮೂಲೆಯಲ್ಲಿ, ಶೂ ಇಡುವ ಕಪಾಟಿನ ಮೇಲೆ ರೂಟರ್ ಕೂರಿಸಿ ಹೋಗುವುದು ಅವರ ಕೇಬಲ್ ಉಳಿಸುವ ಅನುಕೂಲಕ್ಕೆ. ಮನೆಯ ನಡುವೆ, ಆಳೆತ್ತರದಲ್ಲಿ ಇಡಲು ಮೊದಲ ದಿನವೇ ಕೇಳಿ ಮಾಡಿಸಿಕೊಳ್ಳಬೇಕು.

ವೈಫೈದೋ ಲೈನಿನದೋ ಎಂಬ ಜಗಳವನ್ನು ತೀರ್ಮಾನಿಸಲು ಒಂದೇ ನಂಬಲರ್ಹ ಪರೀಕ್ಷೆಯಿದೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ರೂಟರಿಗೆ ಸೇರಿಸಿ, ಉಳಿದ ಫೋನು, ಟಿವಿಗಳ ವೈಫೈ ಆರಿಸಿ, ವೇಗ ಅಳೆಯಿರಿ. ಕೇಬಲಿನಲ್ಲಿ ಪೂರ್ತಿ ಬಂದು ಕೋಣೆಯಲ್ಲಿ ಬರದಿದ್ದರೆ ಕಂಪನಿಯನ್ನು ದೂರುವಂತಿಲ್ಲ. ಕೇಬಲಿನಲ್ಲೂ ಬರದಿದ್ದರೆ ದೂರು ಗಟ್ಟಿಯಾಯಿತು. ಒಂದು ಎಚ್ಚರಿಕೆ: 200 ಅಥವಾ 300ರ ಪ್ಲಾನಿದ್ದೂ ಕೇಬಲಿನಲ್ಲಿ ಸರಿಯಾಗಿ 94, 95ಕ್ಕೆ ನಿಂತುಬಿಟ್ಟರೆ ಕೇಬಲನ್ನೋ ರೂಟರಿನ ಪೋರ್ಟನ್ನೋ ಶಂಕಿಸಿ. ಲ್ಯಾನ್ ಕೇಬಲಿನಲ್ಲಿ ಎಂಟು ತಂತಿಗಳಿರುತ್ತವೆ. ಒಂದು ತುಂಡಾಗಿ ನಾಲ್ಕೇ ಕೆಲಸ ಮಾಡಿದರೆ ವೇಗ ನೂರರ ಮೇಲೆ ಹೋಗುವುದಿಲ್ಲ.

ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ನಿಧಾನವಾಗಿ, ಬೆಳಗಿನ ಜಾವ ಸರಾಗವಾಗಿದ್ದರೆ ಅದು ಬೇರೆಯೇ ಕಾಯಿಲೆ. ನೀವು ಹಂಚಿಕೊಂಡ ದಾರಿಯಲ್ಲಿ ಸಂಚಾರ ಜಾಸ್ತಿಯಾಗಿದೆ. ಮೂರು ದಿನ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಳೆದು ಬರೆದಿಟ್ಟರೆ ಇದನ್ನು ಸಾಧಿಸಿ ತೋರಿಸಬಹುದು. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಪುಟ್ಟ ಆಜ್ಞೆಯೊಂದಿದೆ. 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಎಂಬ ಅಮೆರಿಕದ ತಂತ್ರಜ್ಞ ಬರೆದದ್ದು. ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್ ಯಂತ್ರದ ಸದ್ದಿನಿಂದ ಈ ಹೆಸರು ಬಂತು. ಕೂಗಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ಅಳೆಯುವುದಷ್ಟೇ ಇದರ ಕೆಲಸ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು, ಮೊದಲು ನಿಮ್ಮ ರೂಟರಿನ ವಿಳಾಸ ಕೊಡಿ. ಅದು ಬಹಳ ಮನೆಗಳಲ್ಲಿ 192.168.1.1 ಇರುತ್ತದೆ, ರೂಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲೂ ಇರುತ್ತದೆ. ಅದು ಉತ್ತರಿಸದಿದ್ದರೆ ದೋಷ ಮನೆಯೊಳಗೇ ಇದೆ. ಉತ್ತರಿಸಿದರೆ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಕೂಗಿ ನೋಡಿ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ಬಹುತೇಕ ಕಂಪನಿಯ ಭಾಗದಲ್ಲಿದೆ. ಎರಡೂ ಉತ್ತರಿಸಿ, ಯಾವ ವೆಬ್‌ಸೈಟೂ ತೆರೆಯದಿದ್ದರೆ ಹೆಸರು ಹುಡುಕುವ ವ್ಯವಸ್ಥೆ, ಅಂದರೆ ಡಿಎನ್‌ಎಸ್, ಕೆಟ್ಟಿದೆ. ಅಂತರಜಾಲದಲ್ಲಿ ಪ್ರತಿ ಯಂತ್ರಕ್ಕೂ ಇರುವುದು ಸಂಖ್ಯೆ. ನಾವು ಬರೆಯುವುದು ಹೆಸರು. ಹೆಸರಿನಿಂದ ಸಂಖ್ಯೆ ಹುಡುಕಿಕೊಡುವ ಟೆಲಿಫೋನ್ ಡೈರೆಕ್ಟರಿ ಅದು. ಡೈರೆಕ್ಟರಿ ಕಳೆದುಹೋದರೆ ಟೆಲಿಫೋನ್ ಸರಿಯಿದ್ದೂ ಮಾತಾಡಲಾಗದು ತಾನೆ?

ದೋಷ ನಿಮ್ಮದೂ ಅಲ್ಲ, ನಿಮ್ಮ ಕಂಪನಿಯದೂ ಅಲ್ಲ ಎನ್ನುವ ಸಂದರ್ಭಗಳೂ ಇವೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತಿದ್ದವು. ಆ ಸಂಸ್ಥೆ ತನ್ನ ಜಾಲದಲ್ಲಿ ಮಾಡಿದ ಬದಲಾವಣೆಯಿಂದ ಅದರ ವಿಳಾಸಗಳೇ ಅಂತರಜಾಲದ ನಕ್ಷೆಯಿಂದ ಅಳಿಸಿಹೋಗಿದ್ದವು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ, ಜೆಡ್ಡಾದ ಹತ್ತಿರ, ಸಮುದ್ರದಡಿಯ ಕೇಬಲುಗಳು ತುಂಡಾದಾಗ ಭಾರತದಲ್ಲೂ ಸಂಪರ್ಕ ನಿಧಾನವಾಯಿತು. ಒಂದೇ ಆ್ಯಪ್ ಕೆಟ್ಟಿದ್ದು ಉಳಿದವೆಲ್ಲ ನಡೆಯುತ್ತಿದ್ದರೆ ರೂಟರನ್ನು ಮುಟ್ಟಬೇಡಿ, ಕಾಯಿರಿ.

ಫೋನಿನಲ್ಲಿ ಮಾತಾಡುವ ಬಗೆ

ಮೊದಲು ನಂಬರಿನ ವಿಚಾರ. ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಬಿಲ್ಲಿನಿಂದಲೋ ಕಂಪನಿಯದೇ ಆ್ಯಪಿನಿಂದಲೋ ಮಾತ್ರ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಮೊದಲು ಕಂಡದ್ದಕ್ಕೆ ಫೋನು ಮಾಡಬೇಡಿ. ಗ್ರಾಹಕ ಸೇವೆಯವರೆಂದು ಸುಳ್ಳು ಹೇಳುವ ವಂಚಕರು ಅಂಥ ಕಡೆ ತಮ್ಮ ಸಂಖ್ಯೆಗಳನ್ನು ಹಾಕಿರುತ್ತಾರೆ. ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಲು ಹೇಳಿ, ‘ಹತ್ತು ರೂಪಾಯಿ ಕಟ್ಟಿ’ ಎಂದು ಬ್ಯಾಂಕಿನ ಗುಪ್ತಸಂಖ್ಯೆ ಕದಿಯುವುದು ಅವರ ರೀತಿ. ನೆಟ್ ಸರಿಪಡಿಸಲು ಯಾವ ಕಂಪನಿಗೂ ನಿಮ್ಮ ಬ್ಯಾಂಕಿನ ಓಟಿಪಿ ಬೇಕಾಗುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಫೋನು ಎತ್ತಿದವರು ಮುಂದೆ ಇಟ್ಟುಕೊಂಡಿರುವುದು ಕ್ರಮವಾಗಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿ. ಅದನ್ನು ದಾಟದೆ ದೂರನ್ನು ಮೇಲಿನವರಿಗೆ ಕಳಿಸುವ ಅಧಿಕಾರ ಅವರಿಗಿರುವುದಿಲ್ಲ. ಅವರ ಮೇಲೆ ರೇಗಿ ಲಾಭವಿಲ್ಲ. ಅವರು ಕೇಳುವ ಮೊದಲೇ ನೀವು ಉತ್ತರ ಕೊಟ್ಟುಬಿಟ್ಟರೆ ಪಟ್ಟಿ ಬೇಗ ಮುಗಿಯುತ್ತದೆ. ಒಂದು ಮಾದರಿ ನೋಡಿ.

‘ನಮಸ್ಕಾರ ಮೇಡಂ. ನಮ್ಮ ತಂದೆಯವರ ಹೆಸರಿನಲ್ಲಿರುವ ಕನೆಕ್ಷನ್ ಬಗ್ಗೆ ಮಾತಾಡುತ್ತಿದ್ದೇನೆ, ಗ್ರಾಹಕ ಸಂಖ್ಯೆ ಬರೆದುಕೊಳ್ಳಿ. ನಿನ್ನೆ ಸಂಜೆ ಆರೂಕಾಲರಿಂದ ನೆಟ್ ಇಲ್ಲ. ಬಿಲ್ಲು ಕಟ್ಟಿದೆ. ಎಲ್‌ಓಎಸ್ ದೀಪ ಕೆಂಪಾಗಿ ಮಿನುಗುತ್ತಿದೆ. ಒಂದು ಸಲ ಆರಿಸಿ, ಐದು ನಿಮಿಷ ಕಾದು ನೋಡಿದ್ದೇನೆ. ಪಕ್ಕದ ಮನೆಯಲ್ಲೂ ಇದೇ ಕಂಪನಿಯದು, ಅಲ್ಲಿ ಬರುತ್ತಿದೆ.’

‘ಸರಿ, ಇನ್ನೊಂದು ಸಲ ರೀಸ್ಟಾರ್ಟ್ ಮಾಡ್ತೀರಾ?’

‘ಮಾಡುತ್ತೇನೆ ಮೇಡಂ, ನೀವು ಲೈನಿನಲ್ಲೇ ಇರಿ... ಮಾಡಿದೆ, ಕೆಂಪು ಹೋಗಲಿಲ್ಲ. ಫೈಬರ್ ಕಟ್ ಎಂದು ದೂರು ದಾಖಲಿಸಿ, ಡಾಕೆಟ್ ನಂಬರ್ ಹೇಳಿ.’

ಪಕ್ಕದ ಮನೆಯ ಸುದ್ದಿಯನ್ನು ಏಕೆ ಹೇಳಬೇಕು? ಅಲ್ಲೂ ಹೋಗಿದ್ದರೆ ಕಂಬದ ಪೆಟ್ಟಿಗೆ ಅಥವಾ ಅದರಾಚೆ ಕೆಟ್ಟಿದೆ. ಅಲ್ಲಿ ಬರುತ್ತಿದ್ದರೆ ಕಂಬದಿಂದ ನಿಮ್ಮ ಮನೆಗೆ ಬರುವ ಎಳೆಯೇ ಕೆಟ್ಟಿದೆ. ಈ ಒಂದು ವಾಕ್ಯದಿಂದ ಲೈನ್‌ಮನ್ ಯಾವ ಕಂಬ ಹತ್ತಬೇಕೆಂಬುದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತಡವರಿಸಬೇಕಾಗಿಯೂ ಇಲ್ಲ. ಕನ್ನಡದ ಆಯ್ಕೆಯನ್ನು ಒತ್ತಿ ಕನ್ನಡದಲ್ಲೇ ಹೇಳಿ, ದೋಷದ ವಿವರ ತಾಯ್ನುಡಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಬರುತ್ತದೆ.

ಡಾಕೆಟ್ ನಂಬರ್ ಇಲ್ಲದ ದೂರು ದೂರೇ ಅಲ್ಲ. ಊರಿನ ಕೇಬಲ್ ಹುಡುಗನಿಗೆ ವಾಟ್ಸಾಪ್ ಮಾಡಿದರೆ ಬೇಗ ಕೆಲಸವಾಗುತ್ತದೆ ನಿಜ, ಆದರೆ ಮುಂದೆ ಮೇಲಿನವರನ್ನು ಕೇಳಬೇಕಾಗಿ ಬಂದಾಗ ನಿಮ್ಮ ಬಳಿ ಆಧಾರವಿರುವುದಿಲ್ಲ. ಎರಡನ್ನೂ ಮಾಡಿ. ಒಂದು ನೋಟುಪುಸ್ತಕದಲ್ಲಿ ದಿನಾಂಕ, ವೇಳೆ, ದೀಪಗಳ ಸ್ಥಿತಿ, ಡಾಕೆಟ್ ನಂಬರ್, ಮಾತಾಡಿದವರು ಕೊಟ್ಟ ಭರವಸೆ ಬರೆದಿಡಿ. ರಿಪೇರಿಗೆ ಯಾರೂ ಬಾರದೆಯೇ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಎಸ್‌ಎಂಎಸ್ ಬರುವುದು ಈ ವ್ಯವಹಾರದಲ್ಲಿ ಅತಿ ಕೆಟ್ಟ ಅಭ್ಯಾಸ. ಅದು ಬಂದ ಕೂಡಲೇ ಮತ್ತೆ ಕರೆ ಮಾಡಿ, ಹಳೆಯ ನಂಬರನ್ನು ಹೇಳಿ, ‘ಪರಿಹಾರವಾಗಿಲ್ಲ’ ಎಂದು ದಾಖಲು ಮಾಡಿಸಬೇಕು. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗಾಗುತ್ತದೆ.

ಇಷ್ಟಾದರೂ ಆಗದಿದ್ದರೆ? 1997ರಲ್ಲಿ ಸ್ಥಾಪನೆಯಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ದೂರು ಪರಿಹಾರದ ನಿಯಮಗಳನ್ನು ಮಾಡಿದೆ. ಅದರಂತೆ ಪ್ರತಿ ಕಂಪನಿಯಲ್ಲೂ ಗ್ರಾಹಕ ಸೇವಾ ಕೇಂದ್ರದ ಮೇಲೆ ಒಂದು ಮೇಲ್ಮನವಿ ಪ್ರಾಧಿಕಾರವಿರಬೇಕು. ಡಾಕೆಟ್ ನಂಬರ್ ಹಿಡಿದು 30 ದಿನಗಳೊಳಗೆ ಅಲ್ಲಿಗೆ ಮನವಿ ಸಲ್ಲಿಸಬಹುದು, ಶುಲ್ಕವಿಲ್ಲ. ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ‘ಟ್ರಾಯ್‌ಗೇ ಬರೆಯುತ್ತೇನೆ’ ಎಂದು ಅನೇಕರು ಹೆದರಿಸುತ್ತಾರೆ. ಬಿಡಿ ಗ್ರಾಹಕರ ದೂರುಗಳನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತು. ಆ ಬೆದರಿಕೆಗಿಂತ ‘ಮೇಲ್ಮನವಿ ಪ್ರಾಧಿಕಾರದ ಇಮೇಲ್ ವಿಳಾಸ ಕೊಡಿ’ ಎಂಬ ಮಾತಿಗೆ ಬೆಲೆ ಹೆಚ್ಚು.

ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ, ಮನೆಯ ಸ್ಥಿರ ಸಂಪರ್ಕದಲ್ಲಿ ಬಂದ ದೋಷ ಸರಿಹೋಗಲು 3 ದಿನಕ್ಕಿಂತ ಹೆಚ್ಚಾದರೆ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿಯನ್ನೋ ಅವಧಿಯಲ್ಲಿ ವಿಸ್ತರಣೆಯನ್ನೋ ಕೊಡಬೇಕು. ಇದನ್ನು ಕೇಳಿ ಪಡೆಯುವವರು ಕಡಿಮೆ. ದೂರು ದಾಖಲಾದ ದಿನವೇ ಈ ಲೆಕ್ಕಕ್ಕೆ ಆಧಾರ, ನೆಟ್ ಹೋದ ದಿನವಲ್ಲ. ‘ಸೋಮವಾರ ಫೋನು ಮಾಡಿದರಾಯಿತು’ ಎಂದು ಕುಳಿತರೆ ಶನಿವಾರ, ಭಾನುವಾರ ನಿಮ್ಮ ಖಾತೆಗೆ ನಷ್ಟ.

ಇನ್ನೊಂದು ಬಾಗಿಲೂ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಒಂದು ಕಾಲದಲ್ಲಿ ಟೆಲಿಫೋನ್ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲವೆಂಬ ವಾದವಿತ್ತು, 2009ರ ಸುಪ್ರೀಂ ಕೋರ್ಟಿನ ತೀರ್ಪೊಂದು ಅದಕ್ಕೆ ಬಲ ಕೊಟ್ಟಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೂರಸಂಪರ್ಕವನ್ನು ‘ಸೇವೆ’ ಎಂದು ಹೆಸರಿಸಿಯೇ ಸೇರಿಸಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂಥ ದೂರುಗಳನ್ನು ಗ್ರಾಹಕ ಆಯೋಗ ವಿಚಾರಿಸಬಹುದೆಂದು ಸ್ಪಷ್ಟಪಡಿಸಿತು. ಐದು ಲಕ್ಷ ರೂಪಾಯಿಯೊಳಗಿನ ಬೆಲೆಯ ಸೇವೆಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ದಿನ ನೆಟ್ ಇಲ್ಲದ್ದಕ್ಕೆ ಅಲ್ಲಿಗೆ ಹೋಗಿ ಎಂದು ನಾವು ಹೇಳುವುದಿಲ್ಲ. ಆದರೆ ಸಂಪರ್ಕವನ್ನೇ ಕೊಡದೆ ವರ್ಷದ ಹಣ ಇಟ್ಟುಕೊಂಡವರ ಮೇಲೆ ಹೋಗಬೇಕಾದ ಜಾಗ ಅದೇ. ಅಲ್ಲಿ ಮೊದಲು ಕೇಳುವುದು ನಿಮ್ಮ ನೋಟುಪುಸ್ತಕ, ರಸೀದಿ, ಡಾಕೆಟ್ ನಂಬರುಗಳನ್ನೇ. ರಸೀದಿಯ ಮೇಲೆ ಯಾರ ಹೆಸರಿದೆ ಎಂಬುದನ್ನು ಇವತ್ತೇ ನೋಡಿಕೊಳ್ಳಿ. ಸಂಪರ್ಕ ಕೊಟ್ಟ ಊರಿನ ಕೇಬಲ್‌ನವರು ಬೇರೆ, ಪರವಾನಗಿ ಪಡೆದ ಕಂಪನಿ ಬೇರೆ ಆಗಿರುವುದು ನಮ್ಮ ಕಡೆ ಸಾಮಾನ್ಯ.

ಇನ್ನು ಲೈನ್‌ಮನ್ ಬಂದ ದಿನದ ಮಾತು. ಮಳೆಯಲ್ಲಿ ಏಣಿ ಹೊತ್ತು ದಿನಕ್ಕೆ ಹತ್ತಾರು ಮನೆ ಸುತ್ತುವವರು ಅವರು. ಫೋನಿನಲ್ಲಿ ಕಂಪನಿ ಮಾಡಿದ ತಡಕ್ಕೆ ಅವರನ್ನು ಬೈಯುವುದು ಸರಿಯಲ್ಲ. ಕೆಲಸ ಮುಗಿದ ಮೇಲೆ ಅವರ ಕೈಯಲ್ಲಿರುವ ಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಕೇಳಿ, ಆ ಸಂಖ್ಯೆಯನ್ನು ದಿನಾಂಕದೊಂದಿಗೆ ಬರೆದುಕೊಳ್ಳಿ. ಬಹಳ ಮಂದಿ ಸಂತೋಷದಿಂದಲೇ ತೋರಿಸುತ್ತಾರೆ. ಮುಂದಿನ ಮಳೆಗಾಲದಲ್ಲಿ ಋಣ 19 ಇದ್ದದ್ದು ಋಣ 26 ಆಗಿದ್ದರೆ, ನೆಟ್ ಪೂರ್ತಿ ನಿಲ್ಲುವ ಮೊದಲೇ ದೂರು ಕೊಡಬಹುದು. ದೂರು ಮುಗಿಸಲು ಕೆಲವು ಕಂಪನಿಗಳು ನಿಮ್ಮ ಫೋನಿಗೆ ಒಂದು ಸಂಖ್ಯೆ ಕಳಿಸುತ್ತವೆ, ಲೈನ್‌ಮನ್ ಅದನ್ನು ಕೇಳುತ್ತಾರೆ. ಇದು ಬ್ಯಾಂಕಿನದಲ್ಲ, ಸಂದೇಶದಲ್ಲಿ ಕಂಪನಿಯ ಹೆಸರು, ನಿಮ್ಮ ಡಾಕೆಟ್ ನಂಬರ್ ಇದೆಯೇ ಎಂದು ಓದಿ ನೋಡಿ. ಅದನ್ನು ಹೇಳುವ ಮೊದಲು ಲ್ಯಾನ್ ಕೇಬಲಿನಲ್ಲಿ ಒಮ್ಮೆ, ನೀವು ಓದುವ ಕೋಣೆಯಲ್ಲಿ ಒಮ್ಮೆ ವೇಗ ಅಳೆಯಿರಿ. ಎರಡೂ ಸರಿಯಿದ್ದರೆ ಸಂಖ್ಯೆ ಹೇಳಿ, ಅವರಿಗೊಂದು ಲೋಟ ಕಾಫಿ ಕೊಟ್ಟು ಕಳಿಸಿ.